ಸೈಲೆನ್ಸರ್ ಕಾವಿಗೆ ತುಕ್ಕು ತಿಂದ ಗಾಡಿಯ ತಳ: ಕಾರಣ ಪತ್ತೆ ಮತ್ತು ದುರಸ್ತಿ

ಕಾರಿನ ಅಥವಾ ವ್ಯಾನಿನ ತಳದ ತಗಡು ಒಂದೇ ಜಾಗದಲ್ಲಿ ತುಕ್ಕು ಹಿಡಿದು ತೂತು ಬಿದ್ದಾಗ ನಮ್ಮ ಭಾಗದ ಗ್ಯಾರೇಜುಗಳಲ್ಲಿ ನಡೆಯುವ ಕೆಲಸ ಬಹುಮಟ್ಟಿಗೆ ಒಂದೇ ತೆರನಾದದ್ದು. ತೂತಿನ ಮೇಲೆ ಅಂಗೈಯಗಲದ ತಗಡಿಟ್ಟು ವೆಲ್ಡಿಂಗ್ ಹೊಡೆಯುತ್ತಾರೆ, ಕೆಳಗಿನಿಂದ ಡಾಂಬರು ಬಳಿಯುತ್ತಾರೆ, ಮೇಲೆ ಕಾರ್ಪೆಟ್ ಹಾಸಿ ಗಾಡಿಯನ್ನು ಬಿಟ್ಟುಕೊಡುತ್ತಾರೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ತೇಪೆಯ ಅಂಚಿನಲ್ಲೇ ಹೊಸ ತೂತು ಕಾಣಿಸಿಕೊಳ್ಳುತ್ತದೆ. ಟಿಂಕರ್ ಕೆಲಸ ಸರಿಯಾಗಿರಲಿಲ್ಲ ಎಂದು ಮಾಲೀಕರು ದೂರುವುದುಂಟು. ಆದರೆ ತಗಡಿನ ಬಣ್ಣವನ್ನೂ ಲೇಪವನ್ನೂ ಸುಟ್ಟ ಕಾವು ಎಲ್ಲಿಂದ ಬರುತ್ತಿದೆ ಎಂಬುದನ್ನು ಪತ್ತೆ ಮಾಡದೆ ಹಾಕಿದ ತೇಪೆ, ಎಷ್ಟೇ ಚೆನ್ನಾಗಿ ಕೂತಿದ್ದರೂ, ಅದೇ ಕಾವಿಗೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಈ ಕೈಪಿಡಿಯ ಹೆಚ್ಚಿನ ಭಾಗ ಗ್ರೈಂಡರ್ ಕೈಗೆತ್ತಿಕೊಳ್ಳುವ ಮುಂಚಿನ ಕೆಲಸಕ್ಕೆ ಸಂಬಂಧಿಸಿದೆ.

ಕಾವು ತಗಡನ್ನು ಕೆಡಿಸುವ ಬಗೆ

ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ಬಿಸಿ ತಗಡಿನ ಮೇಲೆ ನೀರು ನಿಲ್ಲುವುದಿಲ್ಲವಾದ್ದರಿಂದ, ಸೈಲೆನ್ಸರ್ ಪಕ್ಕದ ತಗಡೇ ಎಲ್ಲಕ್ಕಿಂತ ಒಣಗಿರಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಗಾಡಿ ಓಡುತ್ತಿರುವಾಗ ಅದು ನಿಜವೂ ಹೌದು. ಆದರೆ ಓಡುವಾಗ ಸುಟ್ಟದ್ದಕ್ಕೆ ನಿಂತಾಗ ಬೆಲೆ ತೆರಬೇಕಾಗುತ್ತದೆ. ತಳದ ತಗಡು ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ದಪ್ಪವಿರುತ್ತದೆ, ಅದರ ಕೆಳಗೆ ಪ್ರೈಮರ್, ರಬ್ಬರಿನಂಥ ಅಂಡರ್‌ಕೋಟ್, ಕೆಲವು ಗಾಡಿಗಳಲ್ಲಿ ಸತುವಿನ ಲೇಪ, ಮೇಲೆ ಸದ್ದು ತಡೆಯುವ ಬಿಟುಮೆನ್ ಹಾಳೆ ಇರುತ್ತವೆ. ಇವುಗಳಲ್ಲಿ ಬಿಟುಮೆನ್ ಎಲ್ಲಕ್ಕಿಂತ ಮೊದಲು ಮೆತ್ತಗಾಗಿ ಹರಿಯುತ್ತದೆ, ಬಳಿಕ ಅಂಡರ್‌ಕೋಟ್ ಒಣಗಿ ಬಿರುಕು ಬಿಡುತ್ತದೆ, ಸತುವಿನ ಲೇಪವೂ 200 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವನ್ನು ಬಹುಕಾಲ ತಾಳುವುದಿಲ್ಲ. ರಕ್ಷಣೆ ಕಳಚಿದ ತಗಡು ರಾತ್ರಿ ತಣ್ಣಗಾದಾಗ ಇಬ್ಬನಿಗೆ ತೆರೆದುಕೊಳ್ಳುತ್ತದೆ. ಬಿರುಕಿನೊಳಗೆ ಎರೆ ಮಣ್ಣು ಸೇರಿದ್ದರೆ ಅದು ಹಿಡಿದಿಟ್ಟುಕೊಂಡ ತೇವ ದಿನಗಟ್ಟಲೆ ಆರುವುದಿಲ್ಲ, ಮತ್ತು ಕಾವು ಏರಿದಾಗಲೆಲ್ಲ ತುಕ್ಕಿನ ಕ್ರಿಯೆ ಇನ್ನಷ್ಟು ಚುರುಕಾಗುತ್ತದೆ.

ಇದಕ್ಕೆ ಹೊಗೆಯೊಳಗಿನ ನೀರನ್ನೂ ಸೇರಿಸಿಕೊಳ್ಳಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸರಿಸುಮಾರು ಒಂದು ಲೀಟರ್ ನೀರು ಹಬೆಯಾಗಿ ಹೊರಬೀಳುತ್ತದೆ. ದೂರದ ಓಟದಲ್ಲಿ ಅದು ಹಬೆಯಾಗಿಯೇ ಹೋಗಿಬಿಡುತ್ತದೆ. ಮಾರುಕಟ್ಟೆಗೆ ಹೋಗಿ ಬರುವಷ್ಟೇ ಓಡುವ ಗಾಡಿಯಲ್ಲಿ ಮಾತ್ರ ಸೈಲೆನ್ಸರ್ ಒಳಗೇ ತಂಪಾಗಿ ಆಮ್ಲೀಯ ನೀರಾಗಿ ನಿಲ್ಲುತ್ತದೆ. ಸೈಲೆನ್ಸರ್ ಒಳಗಿನಿಂದ ಹೊರಗೆ ತುಕ್ಕು ಹಿಡಿದು ಜೋಡಣೆಯಲ್ಲಿ ಸಣ್ಣ ರಂಧ್ರ ಬಿದ್ದರೆ, ಬಿಸಿ ಗಾಳಿ, ಮಸಿ, ಹಬೆ ಮೂರೂ ಒಟ್ಟಿಗೆ ಮೇಲಿನ ತಗಡಿನ ಒಂದೇ ಬಿಂದುವಿಗೆ ಹೊಡೆಯತೊಡಗುತ್ತವೆ.

ತುಕ್ಕು ಕೂತ ಜಾಗವನ್ನು ಓದುವುದು

ತಳದ ತುಕ್ಕೆಲ್ಲ ಕಾವಿನದ್ದಲ್ಲ. ಇದನ್ನು ಬೇರ್ಪಡಿಸಲು ಗಾಡಿ ಯಾವ ಊರಿನಲ್ಲಿ ಓಡಿದೆ ಎಂಬುದರಿಂದ ಆರಂಭಿಸುವುದು ಒಳ್ಳೆಯದು. ಖಾನಾಪುರದ ಕಡೆ ಜೋರು ಮಳೆಯಲ್ಲಿ ಓಡಿದ ಗಾಡಿಗೆ, ಅಥವಾ ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ಗೋವಾಕ್ಕೆ ಪದೇ ಪದೇ ಇಳಿದು ಕಡಲ ಉಪ್ಪುಗಾಳಿಗೆ ನಿಂತ ಗಾಡಿಗೆ, ತುಕ್ಕು ತಳದಾದ್ಯಂತ ಹರಡಿರುತ್ತದೆ. ಅಂಚುಗಳು, ಮಡಿಕೆಗಳು, ಚಕ್ರದ ಕಮಾನುಗಳು, ಬಾಗಿಲ ಕೆಳಗಿನ ಸಿಲ್ ಎಲ್ಲವೂ ಅದರಲ್ಲಿ ಪಾಲು ಪಡೆದಿರುತ್ತವೆ. 2019ರ ಆಗಸ್ಟ್ ಪ್ರವಾಹದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಊರುಗಳಲ್ಲಿ ಮುಳುಗಿದ್ದ ಗಾಡಿಗಳದ್ದು ಬೇರೆಯೇ ಲಕ್ಷಣ: ಪೆಟ್ಟಿಗೆಯಾಕಾರದ ಅಡ್ಡಪಟ್ಟಿಗಳೊಳಗೆ ಹೂಳು ಕೂತು, ಹೊರಗಿನಿಂದ ಚೆಂದ ಕಾಣುವ ತಗಡು ಒಳಗಿನಿಂದ ತೆಳುವಾಗಿರುತ್ತದೆ. ವಿಜಯಪುರ, ಇಂಡಿ, ಸಿಂದಗಿಯಂಥ ಒಣ ಹವೆಯ ಕಡೆ ಓಡಿದ ಗಾಡಿಯ ತಳವೆಲ್ಲ ಗಟ್ಟಿಯಿದ್ದು ಒಂದು ಜಾಗ ಮಾತ್ರ ಕೊರೆದುಹೋಗಿದ್ದರೆ, ಆ ಜಾಗದ ಕೆಳಗೆ ಏನು ಹಾದುಹೋಗಿದೆ ಎಂದು ಬಗ್ಗಿ ನೋಡುವುದೇ ಮೊದಲ ಕೆಲಸ.

ಒಳಗಿನಿಂದ ಸೀಟು ಬಿಚ್ಚಿ ಕಾರ್ಪೆಟ್ ಎತ್ತಿ ಅದರ ಬೆನ್ನನ್ನು ತಿರುವಿ ನೋಡಬೇಕು. ಮಳೆ ನೀರಿನ ತೊಂದರೆಯಾಗಿದ್ದರೆ ಬೆನ್ನು ಒದ್ದೆಯಾಗಿ, ಹುಳಿ ವಾಸನೆ ಬೀರುತ್ತ, ಕೆಳಮೂಲೆಗಳಲ್ಲಿ ಹೆಚ್ಚು ಕಪ್ಪಾಗಿರುತ್ತದೆ. ಅಂಥಲ್ಲಿ ಮುಂಗಾಜಿನ ರಬ್ಬರ್, ಬಾಗಿಲಿನ ಬೀಡಿಂಗ್, ಎಸಿಯ ನೀರಿನ ಕೊಳವೆ ಇವುಗಳನ್ನು ಪರೀಕ್ಷಿಸಬೇಕು. ಕಾವಿನ ಗುರುತು ಹಾಗಿರುವುದಿಲ್ಲ. ಕಾರ್ಪೆಟ್ಟಿನ ಅಡಿಯ ನಮದೆಯಲ್ಲಿ (ಫೆಲ್ಟ್) ಅಂಡಾಕಾರದ ಕಂದು ಕಲೆ ಇರುತ್ತದೆ, ನಡುವೆ ಗಾಢವಾಗಿ ಅಂಚಿಗೆ ಹೋದಂತೆ ಹಳದಿಯಾಗುತ್ತದೆ, ಕೈಯಿಂದ ತಿಕ್ಕಿದರೆ ನಾರು ಪುಡಿಯಾಗಿ ಉದುರುತ್ತದೆ. ಅದರ ಕೆಳಗಿನ ಬಿಟುಮೆನ್ ಹಾಳೆ ಕರಗಿ ತಗಡಿನ ಏಣುಗಳ ನಡುವಿನ ಗುಳಿಗಳಿಗೆ ಹರಿದು, ಏಣಿನ ನೆತ್ತಿಯನ್ನು ಬತ್ತಲೆ ಬಿಟ್ಟಿರುತ್ತದೆ. ಆ ಕಲೆಯ ನಡುಭಾಗಕ್ಕೆ ಒಂದು ಮೊಳೆಯಿಂದ ಗುರುತು ಮಾಡಿಕೊಂಡು ಗಾಡಿಯ ಕೆಳಗೆ ಇಳಿದರೆ, ಕಾವಿನ ಮೂಲ ಹೆಚ್ಚಾಗಿ ಆ ಗುರುತಿನ ನೇರ ಕೆಳಗೇ ಸಿಗುತ್ತದೆ.

ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿರುವ ಓಮ್ನಿಯಂಥ ವ್ಯಾನುಗಳಲ್ಲಿ ಮಾತ್ರ ಈ ಓದು ಸ್ವಲ್ಪ ಕಷ್ಟ, ಏಕೆಂದರೆ ಅಲ್ಲಿ ಎಂಜಿನ್ನಿನ ಸಹಜ ಕಾವೂ ಅದೇ ಜಾಗಕ್ಕೆ ಬರುತ್ತದೆ. ಅಲ್ಲಿ ಎಡ ಬಲಗಳನ್ನು ಹೋಲಿಸಿ ನೋಡಬೇಕು; ಸೈಲೆನ್ಸರ್ ಪೈಪು ಹಾದ ಬದಿ ಮಾತ್ರ ಸುಟ್ಟಿದ್ದರೆ ಸಂಶಯಕ್ಕೆ ಎಡೆಯಿಲ್ಲ.

ಕಾವಿನ ಮೂಲ ಯಾವುದು

ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿಯೇ ಕೆಳಗೆ ಮಲಗಬೇಕು. ಜಾಕನ್ನು ಮಾತ್ರ ನಂಬಿ ಮಲಗುವುದು ಎಷ್ಟೇ ರೂಢಿಯಾಗಿದ್ದರೂ ಅದು ಜೀವಕ್ಕೆ ಅಪಾಯ. ತಣ್ಣಗಿರುವಾಗ ನೋಡಬೇಕಾದ ಮೊದಲ ವಸ್ತು ಹೀಟ್ ಶೀಲ್ಡ್, ಅಂದರೆ ಪೈಪಿಗೂ ತಳಕ್ಕೂ ನಡುವೆ ಇರುವ ತೆಳು ಅಲ್ಯೂಮಿನಿಯಂ ಹಾಳೆ. ಅಲ್ಯೂಮಿನಿಯಂ ಮತ್ತು ಉಕ್ಕಿನ ಬೋಲ್ಟು ತೇವದಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಬೋಲ್ಟಿನ ಸುತ್ತಲಿನ ಹಾಳೆಯೇ ಕರಗಿ ತೂತು ದೊಡ್ಡದಾಗುತ್ತದೆ. ಹಾಳೆ ಸಡಿಲವಾಗಿ ಕಟಕಟ ಸದ್ದು ಮಾಡತೊಡಗುತ್ತದೆ. ಆ ಸದ್ದು ತಾಳಲಾರದೆ ಯಾರೋ ಅದನ್ನು ಕಿತ್ತು ಎಸೆದಿರುತ್ತಾರೆ. ನಾನು ನೋಡಿದ ಸುಟ್ಟ ತಳಗಳಲ್ಲಿ ಅರ್ಧಕ್ಕರ್ಧ ಇಂಥವೇ. ಶೀಲ್ಡ್ ಇದ್ದರೂ ಅದು ಒತ್ತಿಹೋಗಿ ತಳಕ್ಕೆ ಅಂಟಿಕೊಂಡಿದ್ದರೆ ಪ್ರಯೋಜನವಿಲ್ಲ, ಏಕೆಂದರೆ ಕಾವನ್ನು ತಡೆಯುವುದರಲ್ಲಿ ಹಾಳೆಗೆ ಎಷ್ಟು ಪಾಲಿದೆಯೋ ಅದರ ಹಿಂದಿನ ಗಾಳಿಯ ಅಂತರಕ್ಕೂ ಅಷ್ಟೇ ಪಾಲಿದೆ. ಕಬ್ಬು ಕಟಾವಿನ ಕಾಲದಲ್ಲಿ ಹೊಲದೊಳಗೆ ಇಳಿಯುವ ಗಾಡಿಗಳಲ್ಲಿ ಆ ಅಂತರದೊಳಗೆ ಒಣ ರವದಿ, ಅಂದರೆ ಕಬ್ಬಿನ ಸೋಗೆ, ತುಂಬಿಕೊಂಡಿರುತ್ತದೆ. ಅದನ್ನು ಕಂಡೊಡನೆ ತೆಗೆಯಬೇಕು. ತುಕ್ಕಿಗಿಂತ ಮೊದಲು ಬೆಂಕಿಯ ಭಯ ಅಲ್ಲಿದೆ.

ಅನಂತರ ಪೈಪನ್ನು ತೂಗಿಬಿಟ್ಟಿರುವ ರಬ್ಬರ್ ಹ್ಯಾಂಗರುಗಳನ್ನೂ ಎಂಜಿನ್ ಮೌಂಟಿಂಗುಗಳನ್ನೂ ನೋಡಬೇಕು. ಒಂದು ಹ್ಯಾಂಗರ್ ತುಂಡಾದರೆ ಪೈಪು ಆ ತುದಿಯಲ್ಲಿ ಇಳಿಯುವುದು ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಇನ್ನೊಂದು ತುದಿ ಸನ್ನೆಯಂತೆ ಮೇಲೇರಿ ತಳಕ್ಕೆ ಸಮೀಪಿಸುವುದು ಯಾರ ಗಮನಕ್ಕೂ ಬರುವುದಿಲ್ಲ. ಪೈಪಿಗೂ ಯಾವುದೇ ತಗಡಿಗೂ ಕನಿಷ್ಠ 25 ಮಿ.ಮೀ. ಅಂತರವಿರಬೇಕು, ಅದೂ ಕೈಯಿಂದ ಪೈಪನ್ನು ಅತ್ತಿತ್ತ ಜಗ್ಗಿದ ಸ್ಥಿತಿಯಲ್ಲಿ.

ಸೋರಿಕೆ ಹುಡುಕಲು ಎಂಜಿನ್ ತಣ್ಣಗಿರಬೇಕು, ಗಾಡಿ ಬಯಲಿನಲ್ಲಿರಬೇಕು. ಚಾಲೂ ಮಾಡಿದ ಮೊದಲ ನಿಮಿಷದಲ್ಲಿ, ಕೈಗವಸು ಹಾಕಿದ ಒಬ್ಬರು ದಪ್ಪ ಬಟ್ಟೆಯಿಂದ ಹಿಂಬದಿಯ ಕೊಳವೆಯನ್ನು ಅರೆಬರೆ ಮುಚ್ಚಿ ಹಿಡಿದರೆ ಒಳಗಿನ ಒತ್ತಡ ಏರಿ, ಸೋರುವ ಜೋಡಣೆಯಿಂದ ಬುಸುಗುಟ್ಟುವ ಸದ್ದು ಕೇಳಿಸುತ್ತದೆ. ಸೋಪಿನ ನೀರು ಸಿಂಪಡಿಸಿದರೆ ಗುಳ್ಳೆಗಳೂ ಏಳುತ್ತವೆ. ಸದ್ದಿಲ್ಲದಿದ್ದರೂ ಮಸಿಯ ಗುರುತು ಸುಳ್ಳು ಹೇಳುವುದಿಲ್ಲ: ಫ್ಲೆಕ್ಸಿಬಲ್ ಪೈಪಿನ ಹೆಣಿಗೆ ಅಥವಾ ಫ್ಲ್ಯಾಂಜಿನ ಗ್ಯಾಸ್ಕೆಟ್ಟಿನ ಒಂದು ಬದಿಯಿಂದ ಹೊರಟು ಅಗಲವಾಗುತ್ತ ಹೋಗುವ ಕಪ್ಪು ಗೆರೆ, ಅದರ ನೇರಕ್ಕೆ ತಗಡಿನ ಮೇಲೆ ಬೂದು ಬಣ್ಣದ ಬೋಳು ವೃತ್ತ. ಇಂಥ ಸೋರಿಕೆಯ ಮೇಲ್ಭಾಗದಲ್ಲಿ ತಳ ತೂತಾಗಿದ್ದರೆ ಕಾರ್ಬನ್ ಮಾನಾಕ್ಸೈಡ್ ಗಾಡಿಯೊಳಗೆ ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿ ಮುಚ್ಚಿ ಎಸಿ ಹಾಕಿಕೊಂಡು ಹೋಗುವಾಗ ತಲೆನೋವು, ಮಂಪರು ಬರುತ್ತದೆ ಎಂದು ಮಾಲೀಕರು ಹೇಳಿದರೆ, ದುರಸ್ತಿ ಮುಗಿಯುವವರೆಗೆ ಆ ಗಾಡಿಯನ್ನು ಓಡಿಸಲೇಬಾರದು.

ಶೀಲ್ಡ್, ಹ್ಯಾಂಗರ್, ಜೋಡಣೆ ಮೂರೂ ಸರಿಯಿದ್ದೂ ತಗಡು ಸುಟ್ಟಿದ್ದರೆ, ಪೈಪಿನೊಳಗಿನ ಕಾವೇ ಮಿತಿ ಮೀರಿದೆ ಎಂದು ತಿಳಿಯಬೇಕು. ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುವಾಗ ಅದರ ಒಳಗೆ 400ರಿಂದ 800 ಡಿಗ್ರಿ ಇರುವುದು ಸಹಜ. ಆದರೆ ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದ್ದರೆ, ಅಲ್ಲಿ ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತದೆ. ಆಗ ಅದರ ಹೊರಕವಚದ ಸ್ಟೇನ್‌ಲೆಸ್ ಉಕ್ಕು ನೀಲಿಗೆ ತಿರುಗುತ್ತದೆ. ಆ ನೀಲಿ ಬಣ್ಣ ಕಂಡರೆ ಕವಚ 500 ಡಿಗ್ರಿಗಿಂತ ಮೇಲೆ ಕಾದಿತ್ತು ಎಂದರ್ಥ. ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ, ಅದರಲ್ಲೂ ಎಲ್‌ಪಿಜಿ ಕಿಟ್ ಹಾಕಿಸಿದ ಮೇಲೆ ಟೈಮಿಂಗ್ ನೋಡಿಸದೇ ಬಿಟ್ಟ ಗಾಡಿಗಳಲ್ಲಿ, ಕಿಡಿ ತಡವಾಗಿ ಬೀಳುವುದರಿಂದ ಬೆಂಕಿಯ ಒಂದು ಪಾಲು ಸೈಲೆನ್ಸರ್ ದಾರಿ ಹಿಡಿಯುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಸೋಸುಕ, ತನ್ನಲ್ಲಿ ಕೂಡಿಟ್ಟ ಮಸಿಯನ್ನು ಸುಡುವಾಗ ಒಳಗೆ 600 ಡಿಗ್ರಿಯವರೆಗೆ ಏರುತ್ತದೆ. ಅದು ದೋಷವಲ್ಲ, ಆದರೆ ಆ ಜಾಗದ ಶೀಲ್ಡ್ ಕಿತ್ತುಹೋಗಿದ್ದರೆ ತಳ ಉಳಿಯದು.

ಅಳೆಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆಯಾದ್ದರಿಂದ, ಅಳೆಯುವ ಬಿಂದುಗಳಲ್ಲಿ ಕಾವು ತಾಳುವ ಮ್ಯಾಟ್ ಕಪ್ಪು ಬಣ್ಣದ ಚುಕ್ಕೆ ಇಟ್ಟುಕೊಳ್ಳಬೇಕು. ಕನ್ವರ್ಟರಿನ ಹಿಂತುದಿ ಮುಂತುದಿಗಿಂತ ಸ್ವಲ್ಪ ಬಿಸಿಯಿದ್ದರೆ ಚಿಂತೆಯಿಲ್ಲ. ಹಿಂತುದಿ ವಿಪರೀತ ಬಿಸಿಯಿದ್ದರೆ ಪ್ಲಗ್, ಕಾಯಿಲ್, ಇಂಜೆಕ್ಟರ್ ಪರೀಕ್ಷಿಸಬೇಕು. ಮುಂತುದಿ ಕೆಂಡದಂತಿದ್ದು ಹಿಂತುದಿ ತಂಪಾಗಿದ್ದರೆ ಒಳಗೆ ಕಟ್ಟಿಕೊಂಡಿದೆ. ಕಟ್ಟಿಕೊಂಡದ್ದನ್ನು ಖಚಿತಪಡಿಸಲು ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜು ಕೂರಿಸಬೇಕು. ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುವಾಗ 3 ಪಿಎಸ್‌ಐ ದಾಟಿದರೆ ಹೊಗೆ ಸರಾಗವಾಗಿ ಹೋಗುತ್ತಿಲ್ಲ. ಈ ದೋಷ ಸರಿಯಾಗುವವರೆಗೆ ತಗಡಿನ ಕೆಲಸಕ್ಕೆ ಕೈ ಹಾಕುವುದು ದುಡ್ಡು ದಂಡ.

ಎಷ್ಟು ಕತ್ತರಿಸಬೇಕು, ಎಲ್ಲಿ ಕತ್ತರಿಸಬಾರದು

ಸುಟ್ಟ ಜಾಗವನ್ನು ಸ್ಕ್ರೂಡ್ರೈವರಿನಿಂದ ಚುಚ್ಚುತ್ತ, ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಹೊರವಲಯದ ಕಡೆ ಸಾಗಬೇಕು. ಗಟ್ಟಿ ತಗಡು ಠಣ್ ಎನ್ನುತ್ತದೆ, ಸತ್ತದ್ದು ಮಂಕಾಗಿ ದನಿಗೊಡುತ್ತದೆ. ಹಿಂದೆ ಯಾರಾದರೂ ಪುಟ್ಟಿ ತುಂಬಿದ್ದರೆ ಅಯಸ್ಕಾಂತ ಅಲ್ಲಿ ಹಿಡಿಯುವುದಿಲ್ಲ. ತುಕ್ಕು ಬರೀ ಮೇಲ್ಮೈಯಲ್ಲಿದ್ದು ತಗಡಿನ ದಪ್ಪ ಉಳಿದಿದ್ದರೆ ತಂತಿ ಬ್ರಷ್ಷಿನಿಂದ ಬೆಳ್ಳಗಾಗಿಸಿ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿ ತೊಳೆದು ಒಣಗಿಸಿದರೆ ಸಾಕು. ಪದರ ಪದರವಾಗಿ ಏಳುವ ತುಕ್ಕಿನ ಮೇಲೆ ಯಾವ ರಾಸಾಯನಿಕವೂ ಕೆಲಸ ಮಾಡುವುದಿಲ್ಲ. ಅಲ್ಲಿ ಗಟ್ಟಿ ತಗಡು ಸಿಕ್ಕ ಗೆರೆಯಿಂದ ಇನ್ನೂ 25 ಮಿ.ಮೀ. ಹೊರಕ್ಕೆ ಹೋಗಿ ಕತ್ತರಿಸಬೇಕು. ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಮುಂದೆ ಅಲ್ಲಿಂದ ಬಿರುಕು ಹೊರಡುವುದಿಲ್ಲ.

ಸೀಟಿನ ಬೋಲ್ಟು ಕೂರುವ ಪಟ್ಟಿ, ಸೀಟ್‌ಬೆಲ್ಟಿನ ಲಂಗರು, ಸಿಲ್, ಉದ್ದಪಟ್ಟಿ ಇವುಗಳವರೆಗೆ ತುಕ್ಕು ತಲುಪಿದ್ದರೆ ಅದು ತೇಪೆಯ ಕೆಲಸವಾಗಿ ಉಳಿಯುವುದಿಲ್ಲ. ಇಂದಿನ ಬಹುತೇಕ ಕಾರುಗಳಲ್ಲಿ ಬೇರೆ ಚಾಸಿ ಇಲ್ಲ, ತಳವೇ ಭಾರ ಹೊರುವ ಅಂಗ. ಅಂಥಲ್ಲಿ ಕಂಪನಿಯ ಅಳತೆಯ ಬಿಡಿಭಾಗ ತಂದು, ಕತ್ತರಿಸುವ ಮೊದಲೇ ಬಾಗಿಲುಗಳ ಸಂದಿಯನ್ನು ಅಳೆದಿಟ್ಟುಕೊಂಡು, ಬಾಡಿ ಕೆಲಸದಲ್ಲಿ ನುರಿತವರ ಕೈಗೇ ಕೊಡಬೇಕು.

ತಗಡು ಕೂರಿಸುವುದು

ಬ್ಯಾಟರಿಯ ಎರಡೂ ತುದಿಗಳನ್ನು ಬಿಚ್ಚಿಡಬೇಕು. ಪೆಟ್ರೋಲ್ ಕೊಳವೆ, ಬ್ರೇಕ್ ಕೊಳವೆ, ವೈರಿಂಗ್ ಬಹುತೇಕ ಗಾಡಿಗಳಲ್ಲಿ ಸೈಲೆನ್ಸರ್ ಪಕ್ಕದ ಕಾಲುವೆಯಲ್ಲೇ ಹೋಗುತ್ತವೆಯಾದ್ದರಿಂದ ಅವನ್ನು ಸರಿಸದೆ ಕಿಡಿ ಹಾರಿಸಬಾರದು. ಎಲ್‌ಪಿಜಿ ಟ್ಯಾಂಕು ಗಾಡಿಯಲ್ಲಿ ಇರಲೇಬಾರದು. ಒಳಗೆ ಬಿಟುಮೆನ್ ಹಾಳೆಯನ್ನು ವೆಲ್ಡಿಂಗ್ ಗೆರೆಯಿಂದ ಗೇಣಗಲ ಕೆರೆದು ತೆಗೆಯಬೇಕು, ಅದು ಹೊತ್ತಿಕೊಂಡರೆ ದಟ್ಟ ಹೊಗೆಯಲ್ಲಿ ಬೆಂಕಿಯ ಮೂಲವೇ ಕಾಣುವುದಿಲ್ಲ. ಒಬ್ಬರು ಕೆಳಗೆ ವೆಲ್ಡಿಂಗ್ ಮಾಡುವಾಗ ಇನ್ನೊಬ್ಬರು ಅಗ್ನಿಶಾಮಕ ಹಿಡಿದು ಮೇಲೆ ಕಾವಲಿರಬೇಕು, ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಗಾಡಿಯನ್ನು ಒಂಟಿಯಾಗಿ ಬಿಡಬಾರದು.

ರಟ್ಟಿನ ಮಾದರಿ ಕತ್ತರಿಸಿಕೊಂಡು 0.8 ಅಥವಾ 1 ಮಿ.ಮೀ. ಸಿಆರ್‌ಸಿಎ ಶೀಟಿನಲ್ಲಿ (ಸತುವಿನ ಲೇಪವಿಲ್ಲದ ಸಾದಾ ಉಕ್ಕಿನ ತಗಡು) ತುಂಡು ತಯಾರಿಸಬೇಕು. ತಳದ ಮೂಲ ತಗಡಿನಲ್ಲಿರುವ ಏಣುಗಳು ಅಲಂಕಾರಕ್ಕಾಗಿ ಇರುವುದಿಲ್ಲ. ಚಪ್ಪಟೆ ತುಂಡು ಹಾಕಿದರೆ ಕಾಲಿಟ್ಟಾಗಲೆಲ್ಲ ಡಬ್ಬದಂತೆ ಡುಬುಡುಬು ಎನ್ನುತ್ತದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಶೀಟು ಬಗ್ಗಿಸುವ ಪ್ರೆಸ್ ಇರುವ ಕಾರ್ಯಾಗಾರಗಳಿಗೆ ಕೊರತೆಯಿಲ್ಲ, ಮಾದರಿ ಕೊಟ್ಟರೆ ಏಣು ಸಮೇತ ಮಾಡಿಕೊಡುತ್ತಾರೆ. ಸತು ಲೇಪಿಸಿದ ಜಿಐ ಶೀಟು ತುಕ್ಕು ಹಿಡಿಯುವುದಿಲ್ಲವೆಂಬ ಭರವಸೆಯಿಂದ ಅದನ್ನೇ ಬೇಡುವವರಿದ್ದಾರೆ. ಬೆಸುಗೆಯ ಜಾಗದಲ್ಲಿ ಆ ಸತು ಹೇಗೂ ಸುಟ್ಟುಹೋಗುತ್ತದೆ, ಅದರ ಹೊಗೆ ಕುಡಿದ ವೆಲ್ಡರ್‌ಗೆ ರಾತ್ರಿ ಚಳಿಜ್ವರ ಬರುತ್ತದೆ. ನನ್ನ ಮತ ಸಿಆರ್‌ಸಿಎಗೇ.

ಇಷ್ಟು ತೆಳುವಾದ ತಗಡಿಗೆ ಆರ್ಕ್ ವೆಲ್ಡಿಂಗ್ ತೂತು ಬೀಳಿಸುತ್ತದೆ, ಗ್ಯಾಸ್ ವೆಲ್ಡಿಂಗ್ ಸೊಟ್ಟಗಾಗಿಸುತ್ತದೆ. ನಮ್ಮಲ್ಲಿ ಸಿಓಟು ಎಂದೇ ಕರೆಯುವ ಮಿಗ್ ಯಂತ್ರದಲ್ಲಿ 0.6 ಅಥವಾ 0.8 ಮಿ.ಮೀ. ತಂತಿ ಹಾಕಿ, 30ರಿಂದ 40 ಮಿ.ಮೀ. ದೂರಕ್ಕೊಂದು ಚುಕ್ಕಿ ಇಡುತ್ತ, ಎದುರುಬದುರು ಬದಿಗಳಲ್ಲಿ ಸಾಗುತ್ತ, ಪ್ರತಿ ಚುಕ್ಕಿ ತಣಿದ ಮೇಲೆ ನಡುವಿನ ಖಾಲಿಯನ್ನು ತುಂಬಬೇಕು. ತುಂಡನ್ನು ಮೇಲಿಂದ ಹೊದಿಸುವುದಕ್ಕಿಂತ ಅಂಚಿಗೆ ಅಂಚು ಕೂಡಿಸಿದರೆ ಮೇಲು. ಹೊದಿಸಲೇಬೇಕಾದರೆ ಎರಡು ತಗಡಿನ ನಡುವೆ ಸತುವಿನ ವೆಲ್ಡ್-ಥ್ರೂ ಪ್ರೈಮರ್ ಹಚ್ಚಿ, ಕೆಳಗಿನ ಅಂಚನ್ನು ಪೂರ್ತಿ ಮುಚ್ಚಬೇಕು. ತುಕ್ಕಿನ ಮೇಲೆಯೇ ಅಲ್ಯೂಮಿನಿಯಂ ರಿವೆಟ್ ಹೊಡೆದು ಸಿಲಿಕಾನ್ ಒತ್ತುವ ಅಗ್ಗದ ದುರಸ್ತಿ ಎರಡು ತಗಡಿನ ನಡುವೆ ನೀರಿಗೆ ಮನೆ ಕಟ್ಟಿಕೊಟ್ಟಂತೆ.

ಲೇಪ ಮತ್ತು ಶೀಲ್ಡ್

ಕಾವಿನ ಜಾಗದಲ್ಲಿ ಡಾಂಬರು ಅಥವಾ ಬಿಟುಮೆನ್ ಬಳಿಯಲೇಬಾರದು; ಅದು ಮೆತ್ತಗಾಗಿ ಸೋರುತ್ತದೆ, ಪೈಪಿನ ಮೇಲೆ ಬಿದ್ದರೆ ಹೊತ್ತಿಕೊಳ್ಳಲೂಬಹುದು. ಪೈಪಿನ ಎರಡೂ ಬದಿಗೆ ಒಂದೊಂದು ಗೇಣಿನವರೆಗೆ ಸಿಲಿಕೋನ್ ಆಧಾರಿತ, 500ರಿಂದ 600 ಡಿಗ್ರಿ ತಾಳುವ ಅಲ್ಯೂಮಿನಿಯಂ ಬಣ್ಣವನ್ನು, ಡಬ್ಬಿಯ ಮೇಲೆ ಬರೆದ ಪ್ರೈಮರ್ ಸೂಚನೆಯನ್ನು ಅನುಸರಿಸಿ, ಎರಡು ತೆಳು ಕೋಟುಗಳಲ್ಲಿ ಹಚ್ಚಬೇಕು. ಇಂಥ ಬಣ್ಣ ಬರೀ ಗಾಳಿಗೆ ಒಣಗಿದರೆ ಉಗುರಿಗೇ ಏಳುತ್ತದೆ. ಗಟ್ಟಿಯಾಗಲು ಸುಮಾರು 200 ಡಿಗ್ರಿ ಕಾವು ಬೇಕು, ಹಾಟ್ ಏರ್ ಗನ್ನಿನಿಂದ ಸ್ವಲ್ಪ ಸ್ವಲ್ಪವೇ ಕಾಯಿಸಿ ಅದನ್ನು ಸಾಧಿಸಬಹುದು. ಆ ವಲಯದ ಹೊರಗೆ ಎಪಾಕ್ಸಿ ಪ್ರೈಮರ್, ಸೀಮ್ ಸೀಲರ್, ಅಂಡರ್‌ಕೋಟ್ ಎಂದಿನಂತೆ.

ಶೀಲ್ಡಿಗೆ 0.5ರಿಂದ 0.8 ಮಿ.ಮೀ. ಅಲ್ಯೂಮಿನಿಯಂ ಹಾಳೆ ಸಾಕು. ತಳದಿಂದ 12ರಿಂದ 20 ಮಿ.ಮೀ. ದೂರ ನಿಲ್ಲುವಂತೆ ಉಕ್ಕಿನ ಬುಷ್ ಇಟ್ಟು, ಸ್ಟೇನ್‌ಲೆಸ್ ಬೋಲ್ಟು ಮತ್ತು ಅಗಲ ವಾಷರ್ ಹಾಕಿ, ಮುಂದೆ ಹಿಂದೆ ಗಾಳಿ ಹಾಯಲು ತೆರೆದಿಡಬೇಕು. ಶೀಲ್ಡಿನ ಹಿಂಬದಿಗೆ ಗಾಜಿನ ಹತ್ತಿ ತುರುಕುವುದೂ ಪೈಪಿಗೆ ಬಟ್ಟೆಯಂಥ ಪಟ್ಟಿ ಸುತ್ತುವುದೂ ಈಗ ಫ್ಯಾಷನ್ನಾಗಿವೆ. ಎರಡೂ ಮಳೆ ನೀರನ್ನು ಹೀರಿ ಹಿಡಿಯುತ್ತವೆ, ಪಟ್ಟಿ ಸುತ್ತಿದ ಸಾದಾ ಉಕ್ಕಿನ ಪೈಪು ಒಳಗೊಳಗೇ ಬೇಗ ಕೊಳೆಯುತ್ತದೆ. ಹಳೆಯ ಜೀಪುಗಳಲ್ಲಿ ಕಲ್ನಾರಿನ ಹಾಳೆ ಕಂಡರೆ ಅದನ್ನು ಕೊರೆಯುವುದಾಗಲಿ ಉಜ್ಜುವುದಾಗಲಿ ಮಾಡಬಾರದು, ಆ ಪುಡಿ ಶ್ವಾಸಕೋಶಕ್ಕೆ ಮಾರಕ.

ಹಳೆಯ ಉಕ್ಕಿನ ಬ್ರ್ಯಾಕೆಟ್ಟು, ಕ್ಲ್ಯಾಂಪುಗಳನ್ನು ಮತ್ತೆ ಬಳಸುವವರಿಗೆ ಒಂದು ಮಾತು. ದನದ ಮೇವಿಗೆ ಬೆರೆಸುವ ಕಾಕಂಬಿ (ಮೊಲಾಸಿಸ್) ಮನೆಯಲ್ಲಿದ್ದರೆ, ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಒಂದೆರಡು ವಾರ ಅದರಲ್ಲಿ ಮುಳುಗಿಸಿಟ್ಟರೆ ತುಕ್ಕು ತಾನೇ ಬಿಡುತ್ತದೆ, ಉಕ್ಕಿಗೆ ಧಕ್ಕೆಯಾಗುವುದಿಲ್ಲ. ವಾಸನೆ ಮಾತ್ರ ಅಸಹ್ಯ, ಹಿತ್ತಲಲ್ಲೇ ಇಡಬೇಕು. ಅಲ್ಯೂಮಿನಿಯಂ ಭಾಗಗಳನ್ನು ಅದರಲ್ಲಿ ಹಾಕಬಾರದು, ಅವು ಸವೆದುಹೋಗುತ್ತವೆ.

ಕೊನೆಯ ಪರೀಕ್ಷೆ

ಕಾರ್ಪೆಟ್ ಹಾಸುವ ಮೊದಲೇ ಅರ್ಧ ಗಂಟೆಯ ಓಟ ಮುಗಿಸಬೇಕು. ಬಾಗಲಕೋಟೆ, ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆಯಾದ್ದರಿಂದ ತಗಡಿನ ಕಾವನ್ನು ಬಿಡಿಯಾಗಿ ಓದದೆ, ಸೈಲೆನ್ಸರ್ ಇಲ್ಲದ ಬದಿಯ ತಗಡಿನ ಜೊತೆ ಹೋಲಿಸಿ ನೋಡಬೇಕು. ಓಡಿ ಬಂದು ನಿಲ್ಲಿಸಿದ ಮೇಲೆ ಐದಾರು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಬೇಕು, ಗಾಳಿಯ ಓಟ ನಿಂತಾಗಲೇ ತಳ ಹೆಚ್ಚು ಕಾಯುವುದು. ಹೊಸ ತುಂಡಿನ ಮೇಲೆ ಬರಿಗೈ ಇಡಲಾಗದಷ್ಟು ಕಾವಿದ್ದರೆ ಶೀಲ್ಡಿನ ಅಂತರವನ್ನೋ ಜೋಡಣೆಯನ್ನೋ ಮತ್ತೆ ನೋಡಬೇಕು. ಕಿಟಕಿ ಮುಚ್ಚಿ, ಎಂಜಿನ್ ಚಾಲೂ ಇಟ್ಟು, ಕಾರ್ಬನ್ ಮಾನಾಕ್ಸೈಡ್ ಮೀಟರನ್ನು ಹಿಂದಿನ ಸೀಟಿನ ಕಾಲಿನ ಬಳಿ ಇರಿಸಿದಾಗ ಅಂಕಿ ಏರುತ್ತ ಹೋಗುತ್ತಿದ್ದರೆ ಬೆಸುಗೆಯಲ್ಲಿ ಎಲ್ಲೋ ಸಂದಿಯಿದೆ. ಕತ್ತಲೆ ಕೋಣೆಯಲ್ಲಿ ಕೆಳಗಿನಿಂದ ಬ್ಯಾಟರಿ ಬೆಳಕು ಬಿಟ್ಟರೆ ಸಂದಿ ಒಳಗಿನಿಂದ ಕಾಣುತ್ತದೆ.

ಬಿಸಿಗೆ ಹಿಗ್ಗಿ ಕುಗ್ಗುವ ಶೀಲ್ಡಿನ ಬೋಲ್ಟುಗಳು ಮೊದಲ ತಿಂಗಳಲ್ಲೇ ಸಡಿಲವಾಗುತ್ತವೆ, ಒಮ್ಮೆ ಬಿಗಿಮಾಡಿದರೆ ಬಹುಕಾಲ ನಿಲ್ಲುತ್ತವೆ. ಕಬ್ಬಿನ ಹಂಗಾಮು ಮುಗಿದ ಮೇಲೆ ಅಂತರದೊಳಗಿನ ರವದಿಯನ್ನೂ ಮಣ್ಣನ್ನೂ ಗಾಳಿ ಹೊಡೆದು ತೆಗೆಸಬೇಕು, ಮುಂಗಾರಿಗೆ ಮುನ್ನ ಬೆಸುಗೆಯ ಗೆರೆಯ ಮೇಲೆ ಬಣ್ಣ ಎದ್ದಿದ್ದರೆ ಅಷ್ಟಕ್ಕೆ ಮಾತ್ರ ಉಜ್ಜಿ ಮತ್ತೆ ಹಚ್ಚಬೇಕು.